ಒಂದು ಕೋಣೆ, ಒಬ್ಬ ಮೇಷ್ಟ್ರು: ಮಕ್ಕಳಿಗೆ ಯಾವ ಕೆಲಸ ಕಲಿಸೋಣ?

ಈ ವರ್ಷ ಒಂದೇ ಪ್ರಶ್ನೆ ಮೂರು ಊರಿಂದ ಬಂತು. ಹಳೇ ವಿದ್ಯಾರ್ಥಿಗಳು ಸೇರಿ ಹೈಸ್ಕೂಲಿಗೆ ಒಂದು ಕೋಣೆ ಕಟ್ಟಿಸಿದ್ದಾರೆ. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಮಕ್ಕಳಿಗೆ ಏನಾದರೂ ಕೈಕೆಲಸ ಕಲಿಸಬೇಕು ಅನ್ನೋದಕ್ಕೆ ಎಲ್ಲರೂ ಒಪ್ಪಿದ್ದಾರೆ. ಯಾವ ಕೆಲಸ ಅಂತ ಮಾತು ಬಂದ ಕೂಡಲೇ ಸಭೆ ಒಡೆದು ನಾಲ್ಕಾಗುತ್ತದೆ. ಒಬ್ಬರಿಗೆ ಹೊಲಿಗೆ ಬೇಕು. ಇನ್ನೊಬ್ಬರಿಗೆ ಮರಗೆಲಸ. ಮತ್ತೊಬ್ಬರು ಬೈಕ್ ರಿಪೇರಿ ಅನ್ನುತ್ತಾರೆ. ಕಂಪ್ಯೂಟರ್ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಕೊಡಲ್ಲ ಅನ್ನುವವರೂ ಇರುತ್ತಾರೆ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಮರಗೆಲಸ ಕಲಿಸಿದವನು. ಹಾಗಾಗಿ ನನಗೆ ಮರದ ಕಡೆ ಒಲವು ಜಾಸ್ತಿ. ಆದರೆ ನನ್ನ ಒಲವು ನೋಡಿ ನೀವು ದುಡ್ಡು ಹಾಕಬಾರದು. ಇಂಥ ಕೆಲಸಗಳನ್ನೆಲ್ಲ ಒಂದೇ ಕಾಲದಲ್ಲಿ, ಒಂದೇ ಸೂರಿನಡಿ ಕಲಿಸಿ ನೋಡಿದ ಜಾಗ ಒಂದಿದೆ. ಅದು ಎರಡನೇ ಮಹಾಯುದ್ಧ ಮುಗಿದ ಮೇಲಿನ ಹದಿನೈದು ವರ್ಷಗಳ ಅಮೆರಿಕದ ಹೈಸ್ಕೂಲು. ಅಲ್ಲಿ ಏನು ನಡೀತು, ಏನು ನಡೀಲಿಲ್ಲ ಅಂತ ನೋಡಿದರೆ ನಮ್ಮ ಸಭೆಗಳ ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

ಅದು ನಮಗೆ ತೀರಾ ದೂರದ ಮಾತೂ ಅಲ್ಲ. ನಮ್ಮ ಹೈಸ್ಕೂಲು ಶಿಕ್ಷಣ ಹೇಗಿರಬೇಕು ಅಂತ ನೋಡಲು ಕೇಂದ್ರ ಸರ್ಕಾರ ಮಾಡಿದ್ದ 1952–53ರ ಮುದಲಿಯಾರ್ ಆಯೋಗದಲ್ಲಿ ಅಮೆರಿಕದಿಂದ ಬಂದ ಸದಸ್ಯರೊಬ್ಬರಿದ್ದರು. ತಾಂತ್ರಿಕ, ವಾಣಿಜ್ಯ, ಕೃಷಿ, ಗೃಹವಿಜ್ಞಾನ ಎಲ್ಲ ಒಂದೇ ಕಡೆ ಸಿಗುವ ಶಾಲೆಗಳನ್ನು ತೆರೆಯಿರಿ ಅಂತ ಆ ಆಯೋಗ ಹೇಳಿತು. ಅಂಥ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲು 1963ರಲ್ಲಿ ಮೈಸೂರಿನಲ್ಲಿ ರೀಜನಲ್ ಕಾಲೇಜ್ ಆಫ್ ಎಜುಕೇಶನ್ ಶುರುವಾಯಿತು. ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರು ಅದಕ್ಕೆ ನೆರವಾದರು. ಆ ಆವರಣದ ಡಿ.ಎಂ. ಸ್ಕೂಲಿನ ಹೆಸರನ್ನು ಮೈಸೂರಿನವರು ದಿನಾ ಹೇಳುತ್ತಾರೆ. ಅದರಲ್ಲಿರುವ ‘ಎಂ’ ಅಂದರೆ ಮಲ್ಟಿಪರ್ಪಸ್, ಹಲವು ಬಗೆಯ ವಿದ್ಯೆ ಒಂದೇ ಕಡೆ ಸಿಗುವ ಶಾಲೆ. ಆ ಒಂದು ಅಕ್ಷರದಲ್ಲಿ ಈ ಕಥೆಯೆಲ್ಲ ಇದೆ.

ಮೊದಲು ಅಳತೆಗೋಲು

ಅಮೆರಿಕದವರು ಒಂದು ವಿಷಯವನ್ನು ಮೊದಲೇ ಬೇರೆ ಮಾಡಿಕೊಂಡಿದ್ದರು. ಹೊಟ್ಟೆಪಾಡಿಗೆ ಕಸುಬು ಕಲಿಸೋದು ಒಂದು. ಎಲ್ಲ ಮಕ್ಕಳಿಗೂ ಕೈಯ ಪರಿಚಯ ಮಾಡಿಸೋದು ಇನ್ನೊಂದು. ಮೊದಲನೆಯದಕ್ಕೆ 1917ರ ಸ್ಮಿತ್–ಹ್ಯೂಸ್ ಕಾಯ್ದೆಯಿಂದ ಕೇಂದ್ರ ಸರ್ಕಾರದ ದುಡ್ಡು ಬರುತ್ತಿತ್ತು. ಅದರ ಜೊತೆ ಷರತ್ತೂ ಬರುತ್ತಿತ್ತು. ಕೈಗಾರಿಕೆಯ ಕಸುಬನ್ನು ಪೂರ್ಣಾವಧಿ ಕಲಿಸುವ ತರಗತಿಯಲ್ಲಿ ಕನಿಷ್ಠ ಅರ್ಧ ಸಮಯ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸವೇ ಆಗಬೇಕು. ಎರಡನೆಯದಕ್ಕೆ ‘ಇಂಡಸ್ಟ್ರಿಯಲ್ ಆರ್ಟ್ಸ್’ ಅನ್ನುತ್ತಿದ್ದರು. ಮಕ್ಕಳ ಬಾಯಲ್ಲಿ ಅದು ಸುಮ್ನೆ ‘ಶಾಪ್’, ಅಂದರೆ ಕಾರ್ಯಾಗಾರ. ದಿನಕ್ಕೆ ಒಂದು ಪೀರಿಯಡ್, ಉಳಿದ ಪಾಠಗಳ ಜೊತೆಗೇ.

ನಿಮ್ಮ ಸಭೆಯಲ್ಲಿ ಮೊದಲು ತೀರ್ಮಾನ ಆಗಬೇಕಾದ್ದು ಇದೇ. ವಾರಕ್ಕೆ ಎರಡು ಪೀರಿಯಡ್ ಕೊಟ್ಟು ಕಸುಬುದಾರನನ್ನು ತಯಾರು ಮಾಡಲು ಆಗುವುದಿಲ್ಲ. ಅದಕ್ಕೆ ಐಟಿಐ ಇದೆ. ಹೈಸ್ಕೂಲಿನ ಒಂದು ಕೋಣೆಗೆ ಎರಡನೆಯ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ.

ಆಮೇಲೆ ಕೇಳಬೇಕಾದ ಪ್ರಶ್ನೆಗಳು ಬರುತ್ತವೆ. ಶುರುವಿಗೆ ಎಷ್ಟು ದುಡ್ಡು, ಆಮೇಲೆ ಪ್ರತಿ ತಿಂಗಳು ಎಷ್ಟು? ಈ ಎರಡನೆಯದನ್ನು ಜನ ಮರೆಯುತ್ತಾರೆ. ಕಲಿಸುವವರು ನಿಮ್ಮ ಊರಲ್ಲೇ ಸಿಗುತ್ತಾರಾ? ನಲವತ್ತು ಮಕ್ಕಳಲ್ಲಿ ಒಂದು ಹೊತ್ತಿಗೆ ಎಷ್ಟು ಜನರ ಕೈಯಲ್ಲಿ ಕೆಲಸ ಇರುತ್ತದೆ, ಎಷ್ಟು ಜನ ನೋಡುತ್ತಾ ನಿಂತಿರುತ್ತಾರೆ? ಅಪಾಯ ಎಷ್ಟು? ಯಾವ ಮಗುವಾದರೂ ಹೊರಗೆ ಉಳಿಯುತ್ತದಾ?

ಇನ್ನೊಂದು ಪ್ರಶ್ನೆ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ತಪ್ಪಾದಾಗ ಆ ತಪ್ಪು ಮಗುವಿಗೆ ತಾನಾಗಿ ಕಾಣುತ್ತದಾ? ಮೇಷ್ಟ್ರು ಕೆಂಪು ಇಂಕಿನಲ್ಲಿ ಗೆರೆ ಹಾಕಿದ ಮೇಲೆ ಗೊತ್ತಾಗೋದು ಬೇರೆ. ಕೈಯಲ್ಲಿ ಹಿಡಿದ ವಸ್ತುವೇ ‘ಇಲ್ಲಿ ತಪ್ಪಿದೆ’ ಅಂತ ಹೇಳೋದು ಬೇರೆ.

ಮರಗೆಲಸ

ಆ ಕಾಲದ ಹುಡುಗರಿಗೆ ಶಾಪ್ ಅಂದರೆ ಮೊದಲು ನೆನಪಾಗೋದು ಮರ. ಹಕ್ಕಿಗೂಡು, ಪುಸ್ತಕ ನಿಲ್ಲಿಸುವ ಆನಿಕೆ, ಪುಟ್ಟ ಸ್ಟೂಲು, ತರಕಾರಿ ಹೆಚ್ಚುವ ಮಣೆ. ದೊಡ್ಡ ತರಗತಿಗೆ ಬಂದ ಮೇಲೆ ಲೇತ್‌ನಲ್ಲಿ ಕಡೆದ ದೀಪದ ಕಂಬ, ಸೀಡರ್ ಮರದ ಪೆಟ್ಟಿಗೆ. ಒಳ್ಳೆಯ ಶಾಲೆಗಳಲ್ಲಿ ಬ್ಯಾಂಡ್ ಸಾ, ಡ್ರಿಲ್ ಪ್ರೆಸ್, ಟೇಬಲ್ ಸಾ ಎಲ್ಲ ಇರುತ್ತಿದ್ದವು. ಯುದ್ಧ ಮುಗಿದಾಗ ಸರ್ಕಾರದಲ್ಲಿ ಮಿಕ್ಕಿದ್ದ ಯಂತ್ರಗಳು ಎಷ್ಟೋ ಶಾಲೆಗಳಿಗೆ ಕಡಿಮೆ ಬೆಲೆಗೆ ಸಿಕ್ಕಿದ್ದವು.

ಆದರೆ ಮೊದಲ ಪಾಠ ಯಂತ್ರದಿಂದ ಶುರುವಾಗುತ್ತಿರಲಿಲ್ಲ. ಒಂದು ಒರಟು ಹಲಗೆ ಕೊಡುತ್ತಿದ್ದರು. ಅದನ್ನು ಕೀಸುಳಿಯಿಂದ ನಯ ಮಾಡಿ, ನಾಲ್ಕೂ ಕಡೆ ಮೂಲೆಮಟ್ಟಕ್ಕೆ ತರಬೇಕು. ನಾನೂ ನನ್ನ ಮಕ್ಕಳಿಗೆ ಇದನ್ನೇ ಕೊಡುತ್ತಿದ್ದೆ. ಹಲಗೆಯ ಅಂಚಿಗೆ ಮೂಲೆಮಟ್ಟ (ಮೂಲೆ ಸರಿಯಿದೆಯಾ ನೋಡುವ L ಆಕಾರದ ಸಾಧನ) ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿಯಬೇಕು. ಎಲ್ಲಿ ತಗ್ಗಿದೆಯೋ ಅಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಕೂದಲೆಳೆಯಷ್ಟು ತಗ್ಗಿದ್ದರೂ ಕಾಣುತ್ತದೆ. ಒಬ್ಬ ಹುಡುಗ ಒಂದು ಪೀರಿಯಡ್ಡಿನಲ್ಲಿ ಹನ್ನೊಂದು ಸಲ ಎತ್ತಿ ನೋಡಿದ. ಹನ್ನೆರಡನೇ ಸಲ ಬೆಳಕು ಬರಲಿಲ್ಲ. ಅವನು ನನ್ನನ್ನು ಕರೆಯಲೇ ಇಲ್ಲ. ಪಕ್ಕದವನಿಗೆ ತೋರಿಸಿದ.

ಇದೇ ಮರಗೆಲಸದ ದೊಡ್ಡ ಗುಣ. ತಪ್ಪು ಕಣ್ಣಿಗೆ ಕಾಣುತ್ತದೆ, ತಿದ್ದಲೂ ಬರುತ್ತದೆ. ಅಳತೆ, ಭಿನ್ನರಾಶಿ, ಕೋನ ಎಲ್ಲ ಹೇಳದೆಯೇ ಒಳಗೆ ಹೋಗುತ್ತವೆ.

ದೋಷ ಎರಡಿವೆ. ಒಂದು, ಮರದ ಬೆಲೆ. ಕೀಸುಳಿ, ಉಳಿ, ಗರಗಸ ಒಮ್ಮೆ ಕೊಂಡರೆ ಹತ್ತಾರು ವರ್ಷ ಬರುತ್ತವೆ. ಮರ ಮಾತ್ರ ಪ್ರತಿ ಮಗುವಿಗೂ ಪ್ರತಿ ಸಲ ಹೊಸದು ಬೇಕು. ಅಮೆರಿಕದ ಶಾಲೆಗಳಲ್ಲಿ ಮನೆಗೆ ಒಯ್ಯುವ ವಸ್ತುವಿನ ಮರಕ್ಕೆ ಎಷ್ಟೋ ಕಡೆ ಮಕ್ಕಳೇ ದುಡ್ಡು ಕೊಡಬೇಕಿತ್ತು. ನಮ್ಮಲ್ಲಿ ಹಾಗೆ ಮಾಡಿದರೆ ಬಡ ಮಕ್ಕಳು ಕೈ ಕಟ್ಟಿ ಕೂರುತ್ತಾರೆ. ಹಳೇ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದು ಶುರು ಮಾಡಿ. ಎರಡು, ಹರಿತ. ಉಳಿ ಮಸೆಯಲು ಬಾರದ ಮೇಷ್ಟ್ರು ಮರಗೆಲಸ ಕಲಿಸಬಾರದು. ಮೊಂಡ ಉಳಿಯೇ ಜಾಸ್ತಿ ಕೈ ಕುಯ್ಯೋದು, ಯಾಕಂದರೆ ಅದಕ್ಕೆ ಜೋರು ಹಾಕಬೇಕು. ಇನ್ನು ಕರೆಂಟಿನ ಗರಗಸ ಮೊದಲ ಎರಡು ವರ್ಷ ಬೇಡವೇ ಬೇಡ.

ಹೊಲಿಗೆ, ಅಡುಗೆ, ಮನೆ ಲೆಕ್ಕ

ಅಲ್ಲಿ ಇದಕ್ಕೆ ‘ಹೋಮ್ ಎಕನಾಮಿಕ್ಸ್’ ಅಂತ ಹೆಸರು, ಮಕ್ಕಳ ಬಾಯಲ್ಲಿ ‘ಹೋಮ್ ಎಕ್’. ಇದನ್ನು ಬರೀ ಅಡುಗೆ ಕ್ಲಾಸು ಅಂದುಕೊಳ್ಳಬೇಡಿ. ಇದರ ಬೇರು ವಿಜ್ಞಾನದಲ್ಲಿದೆ. ರಸಾಯನಶಾಸ್ತ್ರ ಓದಿದ ಎಲೆನ್ ಸ್ವಾಲೋ ರಿಚರ್ಡ್ಸ್ ಮತ್ತು ಜೊತೆಗಾರರು 1899ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಸೇರಿ ಇದಕ್ಕೊಂದು ರೂಪ ಕೊಟ್ಟರು. 1950ರ ಹೊತ್ತಿಗೆ ಅದರೊಳಗೆ ಆಹಾರದ ಸತ್ವ, ಬಟ್ಟೆಯ ಗುಣ, ಮಗುವಿನ ಆರೈಕೆ, ಕಾಯಿಲೆಯವರ ಶುಶ್ರೂಷೆ, ತಿಂಗಳ ಖರ್ಚಿನ ಪಟ್ಟಿ ಎಲ್ಲ ಸೇರಿತ್ತು. ಕೋಣೆಯನ್ನು ಪುಟ್ಟ ಪುಟ್ಟ ಅಡುಗೆಮನೆಗಳಾಗಿ ಭಾಗ ಮಾಡಿ, ಒಂದೊಂದಕ್ಕೆ ನಾಲ್ಕೈದು ಮಕ್ಕಳನ್ನು ಬಿಡುತ್ತಿದ್ದರು.

ಹೊಲಿಗೆಯಲ್ಲಿ ಸಾಮಾನ್ಯವಾಗಿ ಮೊದಲು ಹೊಲಿಯುತ್ತಿದ್ದದ್ದು ಏಪ್ರನ್. ಅದಾದ ಮೇಲೆ ನೆರಿಗೆಯ ಲಂಗ. ಏಪ್ರನ್ ಯಾಕೆ ಅಂದರೆ ಅದರಲ್ಲಿ ಎಲ್ಲವೂ ಇದೆ. ನೇರ ಹೊಲಿಗೆ ಇದೆ, ಅಂಚು ಮಡಚೋದಿದೆ, ಜೇಬಿದೆ, ಪಟ್ಟಿಯಿದೆ, ನೆರಿಗೆಯಿದೆ. ನೆರಿಗೆಗೆ ಎರಡು ಸಾಲು ಉದ್ದನೆಯ ಸಡಿಲ ಹೊಲಿಗೆ ಹಾಕಬೇಕು. ಆಮೇಲೆ ಎರಡೂ ದಾರದ ತುದಿ ಒಟ್ಟಿಗೆ ಹಿಡಿದು ಮೆಲ್ಲಗೆ ಎಳೆಯುತ್ತಾ, ಇನ್ನೊಂದು ಕೈಯಿಂದ ಬಟ್ಟೆಯನ್ನು ಸಮವಾಗಿ ಹಂಚುತ್ತಾ ಹೋಗಬೇಕು. ಅವಸರ ಮಾಡಿದರೆ ದಾರ ಕಿತ್ತು ಬರುತ್ತದೆ, ಮತ್ತೆ ಮೊದಲಿಂದ. ಇಲ್ಲೂ ತಪ್ಪು ತಾನಾಗಿ ಕಾಣುತ್ತದೆ. ಮರಕ್ಕಿಂತ ಇಲ್ಲಿ ಒಂದು ಅನುಕೂಲ ಜಾಸ್ತಿ. ಹೊಲಿಗೆ ಬಿಚ್ಚಬಹುದು, ಬಟ್ಟೆ ಉಳಿಯುತ್ತದೆ. ಕುಯ್ದ ಮರ ಮತ್ತೆ ಕೂಡುವುದಿಲ್ಲ.

ಖರ್ಚಿನಲ್ಲಿ ಇದು ಮರಗೆಲಸಕ್ಕಿಂತ ಹಗುರ. ಆರೇಳು ಮೆಷಿನ್ ಸಾಕು. ಅರ್ಧ ಮಕ್ಕಳು ಅಳೆದು ಕತ್ತರಿಸುವಾಗ ಉಳಿದರ್ಧ ಹೊಲಿಯುತ್ತಾರೆ. ಕಲಿಸುವವರು ಪ್ರತಿ ಊರಲ್ಲೂ ಇದ್ದಾರೆ. ಅಪಾಯ ಕಡಿಮೆ. ಹರಿದ ಸಮವಸ್ತ್ರ ಸರಿಮಾಡಿಕೊಳ್ಳಲು ಬಂದರೆ ಅದೇ ವಾರ ಲಾಭ.

ಆದರೆ ಆ ಕಾಲದ ಅಮೆರಿಕ ಇಲ್ಲಿ ದೊಡ್ಡ ತಪ್ಪು ಮಾಡಿತು. ಹೆಚ್ಚಿನ ಶಾಲೆಗಳಲ್ಲಿ ಹುಡುಗಿಯರಿಗೆ ಹೋಮ್ ಎಕ್, ಹುಡುಗರಿಗೆ ಶಾಪ್ ಅಂತ ಗೆರೆ ಎಳೆದಿದ್ದರು. ಮರದ ಮೇಲೆ ಆಸೆಯಿದ್ದ ಹುಡುಗಿ ಬಾಗಿಲಲ್ಲೇ ನಿಲ್ಲಬೇಕಿತ್ತು. ಒಂದು ಗುಂಡಿ ಹಾಕಿಕೊಳ್ಳಲು ಬಾರದೆಯೇ ಹುಡುಗ ಶಾಲೆ ಮುಗಿಸುತ್ತಿದ್ದ. ಶಾಲೆಯಲ್ಲಿ ಹುಡುಗ ಹುಡುಗಿ ಅಂತ ಭೇದ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು 1972ರಲ್ಲಿ ಬಂದ ಮೇಲೆ ಆ ಗೆರೆ ಅಳಿಯತೊಡಗಿತು. ನೀವು ಹೊಲಿಗೆ ಆರಿಸುವುದಾದರೆ ಮೊದಲ ದಿನದಿಂದಲೇ ಹುಡುಗರನ್ನೂ ಕೂರಿಸಿ. ಒಂದು ವರ್ಷ ತಡಮಾಡಿದರೂ ಅದು ‘ಹುಡುಗಿಯರ ಕೋಣೆ’ ಆಗಿಬಿಡುತ್ತದೆ. ಆಮೇಲೆ ಬದಲಾಯಿಸುವುದು ಬಹಳ ಕಷ್ಟ.

ಟೈಪಿಂಗ್

ಕಂಪ್ಯೂಟರ್ ಕೋಣೆ ಕೇಳುವವರು ಇದನ್ನು ಗಮನವಿಟ್ಟು ಓದಬೇಕು. ಆಗಿನ ಟೈಪಿಂಗ್ ಕ್ಲಾಸಿನಲ್ಲಿ ರಾಯಲ್, ಅಂಡರ್‌ವುಡ್, ರೆಮಿಂಗ್ಟನ್ ಯಂತ್ರಗಳು ಸಾಲಾಗಿರುತ್ತಿದ್ದವು. ಎಷ್ಟೋ ಕಡೆ ಕೀಲಿಗಳ ಮೇಲೆ ಅಕ್ಷರವೇ ಇರುತ್ತಿರಲಿಲ್ಲ. ಅಕ್ಷರಗಳ ಚಾರ್ಟು ಗೋಡೆಯ ಮೇಲೆ. ಮಗು ತಲೆ ಎತ್ತಿಯೇ ಕಲಿಯಬೇಕು. ಐದು ಒತ್ತು ಅಂದರೆ ಒಂದು ಪದ ಅಂತ ಲೆಕ್ಕ. ಗಡಿಯಾರ ಇಟ್ಟು ಪರೀಕ್ಷೆ. ನಮ್ಮೂರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರಿಗೆ ಆ ಸದ್ದು ಈಗಲೂ ಕಿವಿಯಲ್ಲಿರುತ್ತದೆ, ಅಲ್ವಾ?

ಶಾಲೆ ಬಿಟ್ಟ ಮರುವಾರವೇ ಸಂಬಳ ತರುವ ವಿದ್ಯೆ ಅಂದರೆ ಇದು. ಟೈಪಿಂಗ್ ಜೊತೆ ಗ್ರೆಗ್ ಪದ್ಧತಿಯ ಶಾರ್ಟ್‌ಹ್ಯಾಂಡ್ (ಮಾತಿನ ವೇಗಕ್ಕೆ ಬರೆಯುವ ಗುರುತಿನ ಲಿಪಿ) ಕಲಿತ ಹುಡುಗಿಗೆ ಆಫೀಸಿನ ಬಾಗಿಲು ತೆರೆದಿತ್ತು. ಕಾಲೇಜಿಗೆ ಹೋಗುವ ಹುಡುಗರೂ ಪ್ರಬಂಧ ಟೈಪ್ ಮಾಡಲಿಕ್ಕೆ ಅಂತ ಅರ್ಧ ವರ್ಷ ಇದನ್ನು ತೆಗೆದುಕೊಳ್ಳುತ್ತಿದ್ದರು.

ತೊಂದರೆ ಏನು ಅಂದರೆ, ಇಲ್ಲಿ ಮಗುವಿಗೊಂದು ಯಂತ್ರ ಬೇಕೇ ಬೇಕು. ಹಂಚಿಕೊಂಡರೆ ಬೆರಳು ಕಲಿಯುವುದಿಲ್ಲ. ಹಾಗಾಗಿ ಶುರುವಿನ ಖರ್ಚು ದೊಡ್ಡದು, ಆಮೇಲಿನದು ಚಿಕ್ಕದು. ಮರಗೆಲಸಕ್ಕೆ ಇದು ಪೂರ್ತಿ ಉಲ್ಟಾ. ಇನ್ನೊಂದು ಮಾತು. ಶಾರ್ಟ್‌ಹ್ಯಾಂಡ್‌ಗೆ ಪಟ್ಟ ಕಷ್ಟ ಕಾಲ ಬದಲಾದಾಗ ಹೆಚ್ಚಿನವರಿಗೆ ಉಪಯೋಗಕ್ಕೆ ಬಾರದೆ ಹೋಯಿತು. ಬೆರಳಿನ ಅಭ್ಯಾಸ ಮಾತ್ರ ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಹಾಗೇ ದಾಟಿತು. ನೀವು ಕಂಪ್ಯೂಟರ್ ಕೊಳ್ಳುವುದಾದರೆ ಈ ವರ್ಷದ ಸಾಫ್ಟ್‌ವೇರ್ ಕಲಿಸಲು ಹೊರಡಬೇಡಿ. ನೋಡದೆ ಟೈಪ್ ಮಾಡುವುದನ್ನು ಕಲಿಸಿ, ಕನ್ನಡದಲ್ಲೂ ಕಲಿಸಿ.

ಕೃಷಿ

ನನಗೆ ಅತಿ ಹೆಚ್ಚು ಗೌರವ ಇರೋದು ಇದರ ಮೇಲೆ. ಮರಗೆಲಸದವನಾಗಿಯೂ ಹೇಳುತ್ತಿದ್ದೇನೆ.

ಸ್ಮಿತ್–ಹ್ಯೂಸ್ ಕಾಯ್ದೆಯ ಪ್ರಕಾರ ಕೃಷಿ ತೆಗೆದುಕೊಂಡ ವಿದ್ಯಾರ್ಥಿ ವರ್ಷದಲ್ಲಿ ಕನಿಷ್ಠ ಆರು ತಿಂಗಳು ಹೊಲದಲ್ಲಿ ಕೆಲಸ ಮಾಡಬೇಕಿತ್ತು. ಅದು ಶಾಲೆಯ ಹೊಲವಾದರೂ ಸರಿ, ಮನೆಯದಾದರೂ ಸರಿ. ಮೇಷ್ಟ್ರು ಹಳ್ಳಿ ಹಳ್ಳಿ ತಿರುಗಿ, ಆ ಹುಡುಗನ ಕರುವನ್ನೋ ಜೋಳವನ್ನೋ ಕಣ್ಣಾರೆ ನೋಡಿ ಬರುತ್ತಿದ್ದರು. ಜೊತೆಗೆ ಲೆಕ್ಕದ ಪುಸ್ತಕ. ಮೇವಿಗೆ ಎಷ್ಟು ಹೋಯಿತು, ಔಷಧಿಗೆ ಎಷ್ಟು, ಮಾರಿದಾಗ ಎಷ್ಟು ಬಂತು. ಹುಡುಗರ ಸಂಘಕ್ಕೆ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ ಅಂತ ಹೆಸರು, ಶುರುವಾದದ್ದು 1928ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಅವರ ನೀಲಿ ಕಾರ್ಡುರಾಯ್ ಜಾಕೆಟ್ಟು 1933ರಿಂದ ಇವತ್ತಿನವರೆಗೂ ಬಂದಿದೆ.

ದುಡ್ಡಿಲ್ಲದ ಮನೆಯ ಹುಡುಗ ಏನು ಮಾಡಬೇಕು? ಅದಕ್ಕೆ ಎಷ್ಟೋ ಕಡೆ ಹಂದಿಯ ಸರಪಳಿ ಅಂತ ಒಂದು ಏರ್ಪಾಡಿತ್ತು. ಸಂಘದವರು ಹುಡುಗನಿಗೆ ಒಂದು ಹೆಣ್ಣು ಹಂದಿಮರಿ ಬಿಟ್ಟಿಯಾಗಿ ಕೊಡುತ್ತಿದ್ದರು. ಅದು ಮೊದಲ ಸಲ ಮರಿ ಹಾಕಿದಾಗ, ಒಂದು ಹೆಣ್ಣು ಮರಿಯನ್ನು ಸಂಘಕ್ಕೆ ವಾಪಸ್ ಕೊಡಬೇಕು. ಆ ಮರಿ ಮುಂದಿನ ಹುಡುಗನಿಗೆ. ದುಡ್ಡಿನ ಮಾತೇ ಇಲ್ಲ. ನಮ್ಮಲ್ಲಿ ಇದನ್ನು ಕುರಿಮರಿಯಲ್ಲೋ ನಾಟಿ ಕೋಳಿಯಲ್ಲೋ ನಾಳೆಯೇ ಶುರು ಮಾಡಬಹುದು.

ಇದಕ್ಕೆ ಕೋಣೆಯೇ ಬೇಡ, ನೋಡಿ. ಬೇಕಾದ್ದು ಹಳ್ಳಿ ತಿರುಗುವ ಮೇಷ್ಟ್ರು. ಅಲ್ಲೇ ಕಷ್ಟ. ಬೇಸಿಗೆ ರಜೆಯಲ್ಲೂ ಕರು ಮೇವು ಕೇಳುತ್ತದೆ. ಮೇಷ್ಟ್ರಿಗೆ ರಜೆಯ ಸಂಬಳ, ಓಡಾಟದ ಖರ್ಚು ಕೊಡಲು ಆಗದಿದ್ದರೆ ಶುರು ಮಾಡಬೇಡಿ. ಪೇಟೆಯ ಶಾಲೆಗೂ ಇದು ಒಗ್ಗುವುದಿಲ್ಲ. ಇಲ್ಲೂ ಅಮೆರಿಕದವರು ಬೇಲಿ ಹಾಕಿದ್ದರು. ಕಪ್ಪು ಹುಡುಗರಿಗೆ ‘ನ್ಯೂ ಫಾರ್ಮರ್ಸ್’ ಅಂತ ಬೇರೆ ಸಂಘ. ಅದು ಫ್ಯೂಚರ್ ಫಾರ್ಮರ್ಸ್ ಜೊತೆ ಸೇರಿಕೊಂಡದ್ದು 1965ರಲ್ಲಿ. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಬಾಗಿಲು ತೆರೆದದ್ದು 1969ರಲ್ಲಿ.

ಗಾಡಿ ರಿಪೇರಿ, ಮತ್ತೆ ಉಳಿದವು

ಆಟೋ ಶಾಪ್ ಹುಡುಗರ ಕಣ್ಮಣಿ. ಹದಿನಾರಕ್ಕೆ ಲೈಸೆನ್ಸು, ಅಗ್ಗದ ಹಳೇ ಫೋರ್ಡು, ಶಾಲೆಯಲ್ಲೇ ಬಾನೆಟ್ ಎತ್ತುವ ಅವಕಾಶ. ಸ್ಪಾರ್ಕ್ ಪ್ಲಗ್ಗಿನ ಸಂದು ಅಳೆಯೋದು, ಕಾರ್ಬ್ಯುರೇಟರ್ ಬಿಚ್ಚೋದು, ಟೈಮಿಂಗ್ ಕೂರಿಸೋದು. ಗಾಡಿ ಸ್ಟಾರ್ಟ್ ಆಯಿತೋ ಇಲ್ಲವೋ, ಅದಕ್ಕಿಂತ ಸ್ಪಷ್ಟ ಪರೀಕ್ಷೆ ಇಲ್ಲ. ಆದರೂ ನಿಮ್ಮ ಕೋಣೆಗೆ ನಾನು ಇದನ್ನು ಹೇಳಲಾರೆ. ಒಂದು ಇಂಜಿನ್ ಸುತ್ತ ನಾಲ್ಕು ಮಕ್ಕಳ ಕೈ ಮಾತ್ರ ಹೋಗುತ್ತದೆ, ಉಳಿದ ಮೂವತ್ತಾರು ಜನ ನೋಡುತ್ತಾರೆ. ಪೆಟ್ರೋಲು, ಹೊಗೆ, ಜಾಕಿನ ಮೇಲಿನ ಗಾಡಿ, ಎಲ್ಲ ಅಪಾಯ. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿ ಹೇಳುವ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಸೆನ್ಸರು ಬಂದಿದೆ. ಸೈಕಲ್ ರಿಪೇರಿ ಬೇಕಾದರೆ ಧಾರಾಳವಾಗಿ ಮಾಡಿ, ಅದು ಅಗ್ಗ, ಎಲ್ಲ ಕಣ್ಣಿಗೆ ಕಾಣುತ್ತದೆ.

ಪ್ರಿಂಟ್ ಶಾಪ್ ಚೆಂದದ ವಿದ್ಯೆ. ಸೀಸದ ಅಕ್ಷರ ಒಂದೊಂದಾಗಿ ಜೋಡಿಸಿ ಶಾಲೆಯ ಪತ್ರಿಕೆ, ನಾಟಕದ ಟಿಕೆಟ್ಟು ಅಚ್ಚು ಹಾಕುತ್ತಿದ್ದರು. ಅದರ ಕಾಲ ಮುಗಿದಿದೆ. ಡ್ರೈವಿಂಗ್ ಕೂಡ ಕಲಿಸುತ್ತಿದ್ದರು. ಮೂವತ್ತು ಗಂಟೆ ತರಗತಿ, ಆರು ಗಂಟೆ ಸ್ಟೀರಿಂಗ್. ನಮ್ಮ ಹೈಸ್ಕೂಲಿಗೆ ಅದು ಸಲ್ಲದು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. 1936ರ ಜಾರ್ಜ್–ಡೀನ್ ಕಾಯ್ದೆಯಿಂದ ಅಂಗಡಿ ವ್ಯಾಪಾರ ಕಲಿಸಲಿಕ್ಕೂ ದುಡ್ಡು ಬಂತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಊರಿನ ಅಂಗಡಿಯಲ್ಲಿ ಸಂಬಳದ ಕೆಲಸ. ಮೇಷ್ಟ್ರು ಅಂಗಡಿಗೇ ಹೋಗಿ ವಿಚಾರಿಸುತ್ತಿದ್ದರು. ಯಂತ್ರ ಬೇಡ. ಆದರೆ ಯಾರೂ ನೋಡಿಕೊಳ್ಳದಿದ್ದರೆ ಮಕ್ಕಳು ಬರೀ ಬಿಟ್ಟಿ ದುಡಿಮೆಗೆ ಸಿಕ್ಕಿಬೀಳುತ್ತಾರೆ. ಹದಿನಾಲ್ಕರೊಳಗಿನ ಮಕ್ಕಳಿಗಂತೂ ನಮ್ಮ ಕಾನೂನೇ ಒಪ್ಪುವುದಿಲ್ಲ. ಹೈಸ್ಕೂಲಿಗೆ ಬೇಡ.

ಚಿಕ್ಕ ಶಾಲೆಯ ಉಪಾಯ

ಅಮೆರಿಕದಲ್ಲೂ ಎಲ್ಲ ಶಾಲೆಗೂ ಐದಾರು ಕೋಣೆ ಇರಲಿಲ್ಲ. ಚಿಕ್ಕ ಊರುಗಳಲ್ಲಿ ‘ಜನರಲ್ ಶಾಪ್’ ಅಂತ ಮಾಡಿದರು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಒಂದು ಮೂಲೆಯಲ್ಲಿ ಮರ, ಇನ್ನೊಂದರಲ್ಲಿ ತಗಡು, ಮತ್ತೊಂದರಲ್ಲಿ ಕರೆಂಟು, ಕಿಟಕಿ ಹತ್ತಿರ ನಕ್ಷೆ ಬರೆಯುವ ಮೇಜು. ಮಕ್ಕಳು ಗುಂಪಾಗಿ ಕೆಲವು ವಾರ ಒಂದು ಮೂಲೆ, ಆಮೇಲೆ ಮುಂದಿನ ಮೂಲೆ. ಹತ್ತು ಮಕ್ಕಳಿಗೆ ಆಗುವಷ್ಟು ಸಾಮಾನು ನಾಲ್ಕು ಮೂಲೆಗೆ ಇದ್ದರೆ ನಲವತ್ತು ಮಕ್ಕಳ ಕೈಗೂ ಕೆಲಸ. ಯಾವುದರಲ್ಲೂ ಪಳಗುವುದಿಲ್ಲ, ನಿಜ. ನಾಲ್ಕೂ ಬಲ್ಲ ಮೇಷ್ಟ್ರು ಸಿಗೋದೂ ಕಷ್ಟ. ಆದರೂ ಮೊದಲೇ ಹೇಳಿದೆನಲ್ಲ, ಪರಿಚಯ ಮಾಡಿಸೋದೇ ಉದ್ದೇಶವಾದರೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುತ್ತಿಲ್ಲ.

ಹಾಗಾದರೆ ನೀವು ಏನು ಆರಿಸಬೇಕು? ದುಡ್ಡು ತೀರಾ ಕಡಿಮೆ, ಊರಲ್ಲಿ ಒಳ್ಳೆಯ ಟೈಲರ್ ಇದ್ದಾರೆ ಅಂದರೆ ಹೊಲಿಗೆಯಿಂದ ಶುರು ಮಾಡಿ, ಹುಡುಗ ಹುಡುಗಿಯರಿಬ್ಬರಿಗೂ. ಹಳ್ಳಿಯ ಶಾಲೆ, ಮೇಷ್ಟ್ರಿಗೆ ಮನಸ್ಸಿದೆ ಅಂದರೆ ಕೃಷಿ, ಲೆಕ್ಕದ ಪುಸ್ತಕದ ಜೊತೆಗೇ. ಒಮ್ಮೆ ದೊಡ್ಡ ಮೊತ್ತ ಕೊಡುವ ದಾನಿ ಸಿಕ್ಕಿದ್ದಾರೆ, ಆದರೆ ಪ್ರತಿ ವರ್ಷ ಏನೂ ಬರಲ್ಲ ಅಂದರೆ ಟೈಪಿಂಗ್ ಮತ್ತು ಕಂಪ್ಯೂಟರ್. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬರುತ್ತದೆ, ಹರಿತ ಬಲ್ಲ ಬಡಗಿ ಸಿಕ್ಕಿದ್ದಾರೆ ಅಂದರೆ ಮರಗೆಲಸ. ಇಬ್ಬರು ಕಲಿಸುವವರು ಸಿಕ್ಕಿ, ಕೋಣೆ ದೊಡ್ಡದಿದ್ದರೆ ಜನರಲ್ ಶಾಪ್, ಅದರ ಒಂದು ಮೂಲೆಗೆ ಹೊಲಿಗೆ ಮೆಷಿನ್ ಸೇರಿಸಿ. ಅಮೆರಿಕದ ಶಾಪ್ ಕೋಣೆಗೆ ಆ ಮೂಲೆ ಸೇರಿಸಲು ಮನಸ್ಸು ಬಂದಿರಲಿಲ್ಲ.

ಒಂದು ಎಚ್ಚರಿಕೆ. ಆ ಕಾಲದ ಶಾಲೆಗಳಲ್ಲಿ ‘ಓದು ಹತ್ತದವರು’ ಅಂತ ಶಿಕ್ಷಕರು ತೀರ್ಮಾನಿಸಿದ ಮಕ್ಕಳನ್ನು ಶಾಪ್‌ಗೆ ತಳ್ಳುವುದು ನಡೆಯುತ್ತಿತ್ತು. ಬಡ ಮಕ್ಕಳು, ಕಪ್ಪು ಮಕ್ಕಳು, ಮೆಕ್ಸಿಕೊ ಮೂಲದ ಮಕ್ಕಳು ಹೆಚ್ಚಾಗಿ ಅಲ್ಲಿಗೆ ಬರುತ್ತಿದ್ದರು. 1968ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದಾಗ ಅವರ ದೂರುಗಳಲ್ಲಿ ಇದೂ ಒಂದು. ನಿಮ್ಮ ಟೈಮ್‌ಟೇಬಲ್ ಬರೆಯುವಾಗ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಮಗುವಿನ ಹೆಸರನ್ನೂ ಈ ಕೋಣೆಯ ಪಟ್ಟಿಯಲ್ಲಿ ಬರೆಯಿರಿ. ಒಂದು ತರಗತಿ ಅಂದರೆ ಇಡೀ ತರಗತಿ.

ಸಾಮಾನು ಕೊಳ್ಳುವ ಮೊದಲು ಕಲಿಸುವವರನ್ನು ಕೋಣೆಗೆ ಕರೆದುಕೊಂಡು ಹೋಗಿ, ಅವರ ಕೈಗೆ ಟೇಪು ಕೊಡಿ. ಬೆಂಚು ಎಲ್ಲಿ, ಕಿಟಕಿಯ ಬೆಳಕು ಯಾವ ಕಡೆಯಿಂದ, ಪ್ಲಗ್ ಪಾಯಿಂಟ್ ಎಷ್ಟು ಎತ್ತರದಲ್ಲಿ, ಸಾಮಾನಿಗೆ ಬೀಗ ಎಲ್ಲಿ ಅಂತ ಅವರೇ ಗುರುತು ಹಾಕಲಿ. ಆ ಗುರುತು ನೋಡಿಕೊಂಡು ಆಮೇಲೆ ಕೊಟೇಶನ್ ಕೇಳಿ.